ಬ್ಯಾಂಕ್ ಎಂಬ ಬೆಂಚು, ಪಿಗ್ಮಿ ಎಂಬ ಎರಡಾಣೆ

ಕಾರ್ಕಳದ ಓದುಗರೊಬ್ಬರ ಪತ್ರ (ಹೆಸರು ಪ್ರಕಟಿಸುವುದು ಬೇಡವೆಂದಿದ್ದಾರೆ):

"ಪದವಿ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷ್ ಅಭ್ಯಾಸದಲ್ಲಿ ‘ಬ್ಯಾಂಕ್’ ಎಂಬ ಒಂದೇ ಪದಕ್ಕೆ ಒಂದು ಕಡೆ ನದಿಯ ದಂಡೆ, ಇನ್ನೊಂದು ಕಡೆ ಹಣದ ಸಂಸ್ಥೆ, ಮತ್ತೊಂದು ಕಡೆ ನೆಚ್ಚಿಕೊಳ್ಳುವುದು, ವಿಮಾನ ವಾಲುವುದು ಎಂದೆಲ್ಲ ಅರ್ಥ ಬರುತ್ತದೆ. ಮೊದಲಿನ ಅರ್ಥವೇ ನಿಜವಾದದ್ದು, ಉಳಿದವು ಬಳಸಿ ಬಳಸಿ ಕೆಟ್ಟವು ಎಂದು ನಮಗೆ ಪಾಠ ಮಾಡಿದವರು ಹೇಳುತ್ತಿದ್ದರು. ಹೊಸ ಪದ ಕಟ್ಟಲಾರದ ಬಡತನವಲ್ಲವೇ ಇದು? ಇನ್ನೊಂದು ಸಂಶಯ. ನಮ್ಮ ಅಜ್ಜಿ ‘ಪಿಗ್ಮಿಯವರು ಬಂದರು, ಬಾಗಿಲು ತೆಗೆ’ ಎನ್ನುತ್ತಾರೆ. ನಿಘಂಟಿನಲ್ಲಿ ಪಿಗ್ಮಿ ಎಂದರೆ ಕುಳ್ಳ ಎಂದಿದೆ. ಅಜ್ಜಿಯನ್ನು ತಿದ್ದಬೇಕೇ?"

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಮೊದಲಿನ ಅರ್ಥವೇ ನಿಜವಾದದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷಿಗೆ ಹೋಗುವ ಮೊದಲು ನಮ್ಮ ಅಡುಗೆಮನೆಯಲ್ಲೇ ಅದನ್ನು ಪರೀಕ್ಷಿಸೋಣ. ‘ಎಣ್ಣೆ’ಯನ್ನು ಬಿಡಿಸಿದರೆ ಎಳ್ ಮತ್ತು ನೆಯ್ ಸಿಗುತ್ತವೆ. ಹುಟ್ಟಿನಲ್ಲಿ ಅದು ಎಳ್ಳಿನ ಜಿಡ್ಡು ಮಾತ್ರ. ಸಂಸ್ಕೃತದ ತೈಲವೂ ತಿಲದಿಂದಲೇ ಬಂದದ್ದು. ಮೊದಲಿನ ಅರ್ಥವೇ ನಿಜವಾದರೆ ನಮ್ಮ ಕರಾವಳಿಯ ತೆಂಗಿನೆಣ್ಣೆ ಸುಳ್ಳಾಗುತ್ತದೆ, ಚಿಮಿಣಿ ಎಣ್ಣೆ ಇನ್ನೂ ದೊಡ್ಡ ಸುಳ್ಳಾಗುತ್ತದೆ. ಯಾರಿಗೂ ಹಾಗೆ ಅನ್ನಿಸುವುದಿಲ್ಲ. ಈಗ ಎಳ್ಳಿನದೇ ಬೇಕಾದರೆ ‘ಎಳ್ಳೆಣ್ಣೆ’ ಎಂದು ಎಳ್ಳನ್ನು ಎರಡನೆಯ ಸಲ ಸೇರಿಸಿ ಕೇಳಬೇಕು. ಅಂಗಡಿಯವರು ತಪ್ಪು ತಿಳಿಯುವುದಿಲ್ಲ, ನಾವೂ ತಪ್ಪು ಮಾಡಿದಂತಲ್ಲ.

ಈ ವಾದ ಹೊಸದೂ ಅಲ್ಲ. ಸಂಸ್ಕೃತದ ಅಲಂಕಾರಶಾಸ್ತ್ರಜ್ಞರು ‘ಕುಶಲ’ ಎಂಬ ಪದವನ್ನು ಹಿಡಿದು ಇದನ್ನೇ ಚರ್ಚಿಸಿದ್ದಾರೆ. ಕುಶಲ ಎಂದರೆ ಕುಶವನ್ನು, ಅಂದರೆ ದರ್ಭೆಯನ್ನು ಕೊಯ್ದು ತರುವವನು ಎಂಬುದು ವ್ಯುತ್ಪತ್ತಿ. ಜಾಣ ಎಂಬ ಅರ್ಥ ಅದಕ್ಕೆ ರೂಢಿಯಿಂದ ಬಂದ ಲಕ್ಷಣೆ, ಅಂದರೆ ಮುಖ್ಯಾರ್ಥವನ್ನು ಬಿಟ್ಟು ಹಿಡಿಯುವ ಸಂಬಂಧದ ಅರ್ಥ, ಎಂದ ಮಮ್ಮಟ. ಅವನ ಅನಂತರ ಬಂದ ವಿಶ್ವನಾಥ ಇದನ್ನು ಒಪ್ಪಲಿಲ್ಲ. ಪದ ಹುಟ್ಟಿದ ಕಾರಣ ಬೇರೆ, ಪದ ಬಳಕೆಯಾಗುವ ಕಾರಣ ಬೇರೆ, ಜಾಣ ಎಂಬುದೇ ಕುಶಲದ ಮುಖ್ಯಾರ್ಥ ಎಂದ. ಅವನು ಕೊಟ್ಟ ಉದಾಹರಣೆ ನನಗೆ ಬಹಳ ಇಷ್ಟ. ‘ಗೋ’ ಎಂಬುದು ಹೋಗುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ವ್ಯುತ್ಪತ್ತಿಯೇ ಮುಖ್ಯಾರ್ಥವಾದರೆ ‘ಹಸು ಮಲಗಿದೆ’ ಎನ್ನುವಾಗಲೂ ಲಕ್ಷಣೆಯನ್ನೇ ಹುಡುಕಬೇಕಾಗುತ್ತದೆ! ಹದಿನಾಲ್ಕನೆಯ ಶತಮಾನದ ಈ ಮಾತಿಗಿಂತ ಸ್ಪಷ್ಟವಾದ ಉತ್ತರ ನಿಮ್ಮ ಪ್ರಶ್ನೆಗೆ ನನ್ನಲ್ಲಿಲ್ಲ.

ಈಗ ನಿಮ್ಮ ಬ್ಯಾಂಕಿಗೆ ಬರೋಣ. ಇದರ ಬೇರು ಜರ್ಮಾನಿಕ್ ಭಾಷೆಗಳ ಹಳೆಯ ಪದವೊಂದು. ಒಂದು ಕವಲು ಸ್ಕ್ಯಾಂಡಿನೇವಿಯದವರ ಮಾತಿನಿಂದ ಇಂಗ್ಲಿಷಿಗೆ ಬಂದು ದಿಬ್ಬವಾಯಿತು, ನೀರಿನ ಪಕ್ಕದ ಏರಾಯಿತು. ದಿಬ್ಬವೆಂದ ಮೇಲೆ ಇಳಿಜಾರು ಇದ್ದೇ ಇದೆ. ತಿರುವಿನಲ್ಲಿ ರಸ್ತೆಯ ಹೊರಬದಿಯನ್ನು ಎತ್ತರಿಸುವುದಕ್ಕೆ ಅದೇ ಪದ ಬಂತು. ಇಪ್ಪತ್ತನೆಯ ಶತಮಾನದಲ್ಲಿ ವಿಮಾನ ಹಾರತೊಡಗಿದಾಗ, ತಿರುಗುವ ಹೊತ್ತಿಗೆ ಅದು ಒಂದು ರೆಕ್ಕೆಯನ್ನು ತಗ್ಗಿಸಿ ವಾಲುವುದಕ್ಕೂ ಅದೇ ಆಯಿತು. ಬಜ್ಪೆಯಲ್ಲಿ ಇಳಿಯುವ ವಿಮಾನವನ್ನು ಕೆಳಗಿನಿಂದ ನೋಡಿದವರಿಗೆ ಆ ಓರೆಯ ಪರಿಚಯವಿದೆ. ಸಮುದ್ರದ ತಳದಿಂದ ಎದ್ದ ದಿಬ್ಬಕ್ಕೂ ಬ್ಯಾಂಕ್ ಎಂದೇ ಹೆಸರು. ಮಹಾರಾಷ್ಟ್ರದ ತೀರದಾಚೆ ಅರಬ್ಬೀ ಸಮುದ್ರದಲ್ಲಿ ಮುಳುಗಿಕೊಂಡೇ ಇರುವ ಹವಳದ ದಿಬ್ಬದ ಹೆಸರು ಆಂಗ್ರಿಯಾ ಬ್ಯಾಂಕ್.

ಇನ್ನೊಂದು ಕವಲು ಇಟಲಿಗೆ ಹೋಯಿತು. ಅಲ್ಲಿ ಬಾಂಕಾ ಎಂದರೆ ಬೆಂಚು. ಮಧ್ಯಯುಗದ ಇಟಲಿಯ ಪೇಟೆಗಳಲ್ಲಿ ನಾಣ್ಯ ಬದಲಾಯಿಸಿಕೊಡುವವರು ಬೆಂಚು ಹಾಕಿಕೊಂಡು ವ್ಯವಹಾರ ನಡೆಸುತ್ತಿದ್ದರು. ಬೆಂಚಿನ ಹೆಸರು ವ್ಯವಹಾರಕ್ಕೆ ಹತ್ತಿತು, ವ್ಯವಹಾರದ ಹೆಸರು ಸಂಸ್ಥೆಗೆ. ಅದು ಫ್ರೆಂಚ್ ದಾರಿಯಾಗಿ ಇಂಗ್ಲಿಷ್ ಸೇರಿತು. ದಿವಾಳಿಯಾದವರಿಗೆ ಬ್ಯಾಂಕ್ರಪ್ಟ್ ಎನ್ನುವುದು ‘ಮುರಿದ ಬೆಂಚು’ ಎಂಬ ಇಟಾಲಿಯನ್ ಮಾತಿನಿಂದ. ಔತಣದ ಬ್ಯಾಂಕ್ವೆಟ್ ಕೂಡ ಬೆಂಚಿನ ಸಂತಾನವೇ. ಹಣ ಭದ್ರವಾಗಿರುವ ಜಾಗ ಎಂಬ ಅರ್ಥ ನೆಲೆಯಾದ ಮೇಲೆ, ಒಬ್ಬರನ್ನೋ ಒಂದು ಸಂಗತಿಯನ್ನೋ ನೆಚ್ಚಿಕೊಳ್ಳುವುದಕ್ಕೂ ಆ ಪದ ಸಿಕ್ಕಿತು. ನೀವು ಕೇಳಿದ ನಾಲ್ಕು ಅರ್ಥಗಳೂ ಇಲ್ಲಿಗೆ ಮುಗಿದವು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲಿಯೂ ಪದ ಕೆಟ್ಟಿಲ್ಲ, ಪ್ರತಿ ಹೆಜ್ಜೆಗೂ ಕಾರಣವಿದೆ.

ಕುಳಿತುಕೊಳ್ಳುವ ವಸ್ತುವಿನ ಹೆಸರು ಅಲ್ಲಿ ನಡೆಯುವ ಕೆಲಸಕ್ಕೆ ಏರುವುದು ನಮ್ಮಲ್ಲಿ ಇನ್ನೂ ಸೊಗಸಾಗಿ ಆಗಿದೆ. ‘ಪೀಠ’ವನ್ನು ನೋಡಿ. ಅದು ಮಣೆ, ಆಸನ. ಎರಡು ವರ್ಷಕ್ಕೊಮ್ಮೆ ಉಡುಪಿಯ ಪರ್ಯಾಯದಲ್ಲಿ ಯತಿಗಳು ಸರ್ವಜ್ಞ ಪೀಠವನ್ನು ಏರುವಾಗ ಅದು ಆಸನವೂ ಹೌದು, ಕೃಷ್ಣಪೂಜೆಯ ಅಧಿಕಾರವೂ ಹೌದು. ವಿಶ್ವವಿದ್ಯಾನಿಲಯದಲ್ಲಿ ಅಧ್ಯಯನ ಪೀಠವೆಂದರೆ ಅಲ್ಲಿ ಕುರ್ಚಿ ಇರಲೇಬೇಕೆಂದಿಲ್ಲ. ಮಂಗಳೂರಿಗೆ ಹೈಕೋರ್ಟ್ ಪೀಠ ಬೇಕೆಂದು ವಕೀಲರು ಕೇಳುವಾಗ ಅವರು ಕೇಳುವುದು ನ್ಯಾಯಾಧೀಶರನ್ನು, ನ್ಯಾಯಾಲಯವನ್ನು. ಇಂಗ್ಲಿಷಿನಲ್ಲಿ ಅದೇ ಬೇಡಿಕೆಯನ್ನು ಬೆಂಚ್ ಎಂಬ ಪದದಿಂದ ಹೇಳುತ್ತಾರೆ, ಬೆಂಚ್ ಮತ್ತು ಬ್ಯಾಂಕ್ ಒಂದೇ ಬೇರಿನವು. ಸಂಬಂಧವೇ ಇಲ್ಲದಂತೆ ಕಾಣುವ ಎರಡು ಭಾಷೆಗಳು ಒಂದೇ ಹಾದಿಯಲ್ಲಿ ನಡೆದಿವೆ. ಇದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಒಂದು ಎಚ್ಚರ ಬೇಕು. ಒಂದೇ ರೂಪದಲ್ಲಿ ಕಾಣುವುದೆಲ್ಲ ಒಂದೇ ಪದವಾಗಿರುವುದಿಲ್ಲ. ಇಂಗ್ಲಿಷಿನಲ್ಲಿ ಬಾವಲಿಗೂ ಕ್ರಿಕೆಟ್ ದಾಂಡಿಗೂ ಬ್ಯಾಟ್ ಎನ್ನುತ್ತಾರೆ. ಹುಟ್ಟಿನಲ್ಲಿ ಅವು ಎರಡು ಬೇರೆ ಪದಗಳು, ಕಾಲಕ್ರಮದಲ್ಲಿ ಉಚ್ಚಾರಣೆ ಒಂದಾಯಿತು. ಕನ್ನಡದ ‘ಕರೆ’ಯೂ ಹಾಗೆಯೇ. ಕೂಗಿ ಕರೆಯುವುದು, ಹಸುವಿನ ಹಾಲು ಕರೆಯುವುದು, ಬಟ್ಟೆಯ ಮೇಲಿನ ಕರೆ, ನೀರಿನ ಕರೆ ಅಂದರೆ ದಡ. ಹಾಲು ಕರೆಯುವುದಕ್ಕೂ ಕಲೆಗೂ ಹಳಗನ್ನಡದಲ್ಲಿ ಶಕಟರೇಫ (ಱ) ಎಂಬ ಅಕ್ಷರವಿತ್ತು. ಆ ಅಕ್ಷರ ಬಳಕೆಯಿಂದ ಹೋದಾಗ ಬೇರೆ ಬೇರೆ ಪದಗಳು ಒಂದೇ ರೂಪಕ್ಕೆ ಬಂದವು. ನಮ್ಮಲ್ಲಿ ಕಂಬಳದ ಕೋಣಗಳು ಓಡುವ ಜೋಡುಕರೆಯೂ ಇದೆ, ‘ಕರೆ’ ಎಂದ ಕೂಡಲೇ ಈ ಜಿಲ್ಲೆಗಳ ಜನರಿಗೆ ಮೊದಲು ಕಣ್ಣಿಗೆ ಬರುವುದು ಅದೇ ಇರಬಹುದು. ಇವನ್ನೆಲ್ಲ ಎಳೆದು ತಂದು ಒಂದೇ ಮೂಲಕ್ಕೆ ಕಟ್ಟಲು ಹೋಗಬಾರದು.

ಬಡತನದ ಮಾತಿಗೆ ಉತ್ತರ ಸಣ್ಣದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಎಂಬ ಪುಟ್ಟ ಪದಕ್ಕೆ 430 ಅರ್ಥಗಳಿದ್ದವು. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಎಂಬ ಕ್ರಿಯಾಪದಕ್ಕೆ 645 ಅರ್ಥಗಳನ್ನು ಗುರುತಿಸಿದರು. ಅದೇ ಇಂಗ್ಲಿಷಿನಲ್ಲಿ ಹೊಸ ಪದಗಳಿಗೂ ಕೊರತೆಯಿಲ್ಲ. ಹೆಚ್ಚು ಅರ್ಥ ಕೂಡಿಕೊಳ್ಳುವುದು ಜನ ದಿನವಿಡೀ ಬಳಸುವ ಸಣ್ಣ ಪದಗಳಿಗೇ. ನಮ್ಮ ‘ಕಟ್ಟು’ವನ್ನು ಎಣಿಸಿ ನೋಡಿ: ಮನೆ ಕಟ್ಟುವುದು, ಹೂ ಕಟ್ಟುವುದು, ಬೆಲೆ ಕಟ್ಟುವುದು, ಮೂಗು ಕಟ್ಟುವುದು, ಜೇನು ಕಟ್ಟುವುದು, ಯಕ್ಷಗಾನದಲ್ಲಿ ವೇಷ ಕಟ್ಟುವುದು, ಬ್ಯಾಂಕಿಗೆ ಕಂತು ಕಟ್ಟುವುದು. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಹೊರತಂದ ಕಿಟ್ಟೆಲ್ ನಿಘಂಟು ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿದ್ದರೆ ಇಂಥ ಒಂದು ಕ್ರಿಯಾಪದವನ್ನು ತೆರೆದು ಓದಿ. ಕನ್ನಡ ಬಡವಾಗಿದೆ ಎಂದು ಆಗ ಅನ್ನಿಸಲಾರದು.

ಬ್ಯಾಂಕಿನ ಕಥೆ ಹಣದಲ್ಲೇ ನಿಲ್ಲಲಿಲ್ಲ. 1937ರಲ್ಲಿ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫಾಂಟಸ್ ಎಂಬ ವೈದ್ಯರು ರಕ್ತವನ್ನು ಕೂಡಿಟ್ಟು ಬೇಕಾದಾಗ ಕೊಡುವ ವ್ಯವಸ್ಥೆ ಮಾಡಿ ಅದಕ್ಕೆ ಬ್ಲಡ್ ಬ್ಯಾಂಕ್ ಎಂದು ಹೆಸರಿಟ್ಟರು. ಇಡುವುದು, ತೆಗೆಯುವುದು, ಲೆಕ್ಕ ಬರೆಯುವುದು, ಇವಿಷ್ಟೂ ಆ ಒಂದು ಪದದಲ್ಲಿ ಸಿದ್ಧವಾಗಿದ್ದವು. ನಮ್ಮ ದೇಶದ ನಿಯಮಗಳಲ್ಲಿ 2020ರಲ್ಲಿ ಬ್ಲಡ್ ಬ್ಯಾಂಕ್ ಎಂಬುದನ್ನು ಬ್ಲಡ್ ಸೆಂಟರ್ ಎಂದು ಬದಲಾಯಿಸಿದರು. ಆಸ್ಪತ್ರೆಯ ಬಾಗಿಲಲ್ಲಿ ಆತಂಕದಿಂದ ನಿಂತವರು ಈಗಲೂ ಕೇಳುವುದು ಬ್ಲಡ್ ಬ್ಯಾಂಕ್ ಎಲ್ಲಿದೆ ಎಂದೇ. ಬೀಜದ ಬ್ಯಾಂಕ್, ಎದೆಹಾಲಿನ ಬ್ಯಾಂಕ್, ಕಿಸೆಯಲ್ಲಿಡುವ ಪವರ್ ಬ್ಯಾಂಕ್, ಎಲ್ಲಕ್ಕೂ ಇದೇ ದಾರಿ.

‘ವೋಟ್ ಬ್ಯಾಂಕ್’ ಮಾತ್ರ ಬೇರೆ ಕಥೆ. ಅದಕ್ಕೆ ನಮ್ಮದೇ ರಾಜ್ಯದ ಮಣ್ಣಿನ ಸಂಬಂಧವಿದೆ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರ ಬಗ್ಗೆ 1955ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಮಾತನ್ನು ಬಳಸಿದರು. ಅಲ್ಲಿ ವೋಟ್ ಬ್ಯಾಂಕ್ ಎಂದರೆ ಊರಿನ ಪ್ರಬಲ ಯಜಮಾನ. ತನ್ನ ಆಶ್ರಯದಲ್ಲಿ ಇರುವವರ ಮತಗಳನ್ನು ಅಭ್ಯರ್ಥಿಗೆ ಕೊಡಿಸಬಲ್ಲವನು, ಬದಲಿಗೆ ತನ್ನ ಕೆಲಸ ಮಾಡಿಸಿಕೊಳ್ಳುವವನು. ಇಂದು ಆ ಮಾತು ಯಜಮಾನನನ್ನು ಬಿಟ್ಟು ಒಂದು ಜಾತಿಯ ಅಥವಾ ಸಮುದಾಯದ ಜನರ ಮೇಲೆ ಬಂದು ನಿಂತಿದೆ. ಅರ್ಥ ಬದಲಾಗುವುದನ್ನು ನಾನು ತಪ್ಪೆನ್ನುವುದಿಲ್ಲ, ಆದರೆ ಈ ಬದಲಾವಣೆ ನೋವಿನದು. ಮತಗಳನ್ನು ಹಿಡಿದಿಟ್ಟುಕೊಂಡವನನ್ನು ವಿವರಿಸುತ್ತಿದ್ದ ಮಾತು ಮತ ಹಾಕುವ ಸಾಮಾನ್ಯರನ್ನು ಹಳಿಯುವ ಮಾತಾಯಿತು. ನಮ್ಮ ಪತ್ರಿಕೆಯಲ್ಲಿ ಅದನ್ನು ಜನರ ಗುಂಪಿಗೆ ಬಳಸುವುದಿಲ್ಲ.

ನೀವು ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವುದರಿಂದ ನಮ್ಮೂರಿನ ಬ್ಯಾಂಕುಗಳು ಹುಟ್ಟುವಾಗ ಇಟ್ಟುಕೊಂಡ ಹೆಸರುಗಳನ್ನೂ ಗಮನಿಸಿ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ್ದು ಕೆನರಾ ಹಿಂದೂ ಪರ್ಮನೆಂಟ್ ಫಂಡ್, ಮುಂದೆ ಅದು ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಆರಂಭಿಸಿದ್ದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಟಿ. ಎಂ. ಎ. ಪೈ ಉಡುಪಿಯಲ್ಲಿ ಕಟ್ಟಿದ್ದು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಅದು ಸಿಂಡಿಕೇಟ್ ಬ್ಯಾಂಕ್ ಆಯಿತು. ಈಗ ಮಂಗಳೂರಿನಲ್ಲಿ ‘ಕಾರ್ಪೊರೇಷನ್’ ಎಂದರೆ ನಗರಪಾಲಿಕೆ. ‘ಸಿಂಡಿಕೇಟ್’ ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿಯೂ ಹೌದು, ಅಪರಾಧ ವರದಿಯಲ್ಲಿ ಕಳ್ಳಸಾಗಣೆಯ ಜಾಲವೂ ಹೌದು. 1969ರ ಜುಲೈಯಲ್ಲಿ ಇಂದಿರಾ ಗಾಂಧಿ ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದಾಗ ಸಿಂಡಿಕೇಟ್ ಬ್ಯಾಂಕ್ ಆ ಪಟ್ಟಿಯಲ್ಲಿತ್ತು. ನಮ್ಮ ನಿಜಲಿಂಗಪ್ಪನವರೂ ಸೇರಿದಂತೆ ಕಾಂಗ್ರೆಸ್ಸಿನೊಳಗಿನ ಇಂದಿರಾ ಅವರ ಎದುರಾಳಿಗಳ ಗುಂಪಿಗೂ ಸಿಂಡಿಕೇಟ್ ಎಂದೇ ಹೆಸರಿತ್ತು. ಆ ದಿನಗಳ ಪತ್ರಿಕೆ ಓದುತ್ತಿದ್ದ ಉಡುಪಿಯವರು ಒಂದೇ ಪದದ ಎರಡು ಅರ್ಥಗಳನ್ನು ಗೊಂದಲವಿಲ್ಲದೆ ಓದಿಕೊಂಡರು. ಸುತ್ತಲಿನ ವಾಕ್ಯ ಅರ್ಥವನ್ನು ತಿಳಿಸುತ್ತದೆ. ಪರೀಕ್ಷೆಯಲ್ಲಿ ನಿಮಗೂ ಬೇಕಾದದ್ದು ಇಷ್ಟೇ. ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ, ನಿಘಂಟು ಕೊಟ್ಟಿರುವ ಉದಾಹರಣೆ ವಾಕ್ಯಗಳನ್ನು ಓದಿ.

ಇನ್ನು ಪಿಗ್ಮಿ. ಗ್ರೀಕ್ ಭಾಷೆಯಲ್ಲಿ ಅದರ ಮೂಲಪದಕ್ಕೆ ಮುಷ್ಟಿ ಎಂಬ ಅರ್ಥವಿತ್ತು, ಮೊಣಕೈಯಿಂದ ಬೆರಳ ಗೆಣ್ಣಿನವರೆಗಿನ ಅಳತೆಗೂ ಅದೇ ಹೆಸರು. ಅಷ್ಟೇ ಎತ್ತರದ ಜನರು ಕೊಕ್ಕರೆಗಳೊಂದಿಗೆ ಕಾದಾಡುತ್ತಾರೆ ಎಂಬ ಕಥೆ ಹೋಮರನ ಕಾವ್ಯದಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಪ್ರವಾಸಿಗಳು ಮಧ್ಯ ಆಫ್ರಿಕಾದ ಕಾಡಿನ ಜನರಿಗೆ ಆ ಹೆಸರನ್ನು ಅಂಟಿಸಿದರು. ಆ ಸಮುದಾಯಗಳಲ್ಲಿ ಹಲವರಿಗೆ ಅದು ಅವಮಾನದ ಮಾತಾಗಿ ಕೇಳುತ್ತದೆ, ಅದು ನ್ಯಾಯವೇ. ಮನುಷ್ಯರಿಗೆ ಆ ಪದವನ್ನು ಬಳಸಬೇಡಿ.

ಅದೇ ಪದ 1928ರಲ್ಲಿ ಉಡುಪಿಯಲ್ಲಿ ಬೇರೊಂದು ಬದುಕನ್ನು ಪಡೆಯಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಆ ಸಂಸ್ಥೆ, ಏಜೆಂಟರು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಸಂಗ್ರಹಿಸುವ ಯೋಜನೆಗೆ ಪಿಗ್ಮಿ ಠೇವಣಿ ಎಂದು ಹೆಸರಿಟ್ಟಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರ ಬಳಿಗೆ ಬ್ಯಾಂಕೇ ನಡೆದು ಬಂತು. ಅಲ್ಲಿಂದ ಪದ ಜನರ ಕೈಗೆ ಹೋಯಿತು. ‘ಪಿಗ್ಮಿ ಕಟ್ಟಿದೆ’ ಎಂದರೆ ಇವತ್ತಿನ ಹಣ ಕೊಟ್ಟಾಯಿತು. ‘ಪಿಗ್ಮಿ ಒಡೆದು ಬಳೆ ಮಾಡಿಸಿದೆ’ ಎಂದರೆ ಅವಧಿ ಮುಗಿದು ಕೈಗೆ ಬಂದ ಮೊತ್ತ. ‘ಪಿಗ್ಮಿಯವರು’ ಎಂದರೆ ಚೀಲ ಹಿಡಿದು ಬಂದವರು, ಗೌರವದ ಬಹುವಚನದೊಡನೆ. ಕುಳ್ಳ ಎಂಬ ಅರ್ಥ ಇಲ್ಲಿ ಎಲ್ಲಿಯೂ ಇಲ್ಲ. ಸಹಕಾರಿ ಸಂಘಗಳೂ ಬೇರೆ ಬ್ಯಾಂಕುಗಳೂ ಅದೇ ಹೆಸರನ್ನು ಎತ್ತಿಕೊಂಡವು. ನಿಮ್ಮ ಕೈಯಲ್ಲಿರುವ ಇಂಗ್ಲಿಷ್ ನಿಘಂಟಿನಲ್ಲಿ ಈ ಅರ್ಥವಿಲ್ಲದಿದ್ದರೆ ಕೊರತೆ ನಿಘಂಟಿನದು. ಅಜ್ಜಿಯ ಮಾತು ಸರಿ.

ಅವರ ಬಳಿ ಹಳೆಯ ಪಿಗ್ಮಿ ಪುಸ್ತಕ ಉಳಿದಿದ್ದರೆ ಒಮ್ಮೆ ನೋಡಿ. ದಿನಕ್ಕೆ ಎಷ್ಟು ಕಟ್ಟುತ್ತಿದ್ದರು, ಆ ಹಣ ಯಾವುದಕ್ಕೆ ಬಂತು, ಮನೆಯಲ್ಲಿ ಪಿಗ್ಮಿಯವರನ್ನು ತುಳುವಿನಲ್ಲೋ ಕೊಂಕಣಿಯಲ್ಲೋ ಬೇರೆ ಹೆಸರಿನಿಂದ ಕರೆಯುತ್ತಿದ್ದರೇ ಎಂದು ಕೇಳಿ, ಅವರ ಮಾತಿನಲ್ಲೇ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇವೆ. ನಿಮ್ಮ ಪರೀಕ್ಷೆ ಚೆನ್ನಾಗಿ ಆಗಲಿ.

— ಸಂಪಾದಕ