ತರಗತಿ ಒಂದು, ಮನೆಮಾತು ನಾಲ್ಕು: ಯಾರನ್ನು ಮೊದಲು ನೋಡಲಿ?

ಪ್ರಶ್ನೆ: ಮಲ್ಪೆ ಹತ್ತಿರದ ಸರಕಾರಿ ಶಾಲೆಯಲ್ಲಿ ಮೂರು, ನಾಲ್ಕನೇ ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಕಲಿಸುತ್ತೇನೆ. ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳು, ಜತೆಗೆ ಬಾಗಲಕೋಟೆ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳು. ಒಬ್ಬನಿಗೆ ಹೇಳಿಕೊಡಲು ಬಗ್ಗಿದರೆ ಇನ್ನೊಂದು ಮೂಲೆಯಲ್ಲಿ ಜಗಳ. ಪಾಠಯೋಜನೆ ಹತ್ತೇ ನಿಮಿಷದಲ್ಲಿ ದಾರಿ ತಪ್ಪುತ್ತದೆ. ಕ್ಷಣಕ್ಷಣಕ್ಕೂ ನಿರ್ಧಾರ ಮಾಡುವುದು ಹೇಗೆ?
– ಒಬ್ಬ ಶಿಕ್ಷಕಿ, ಉಡುಪಿ

ಉತ್ತರ: ಕ್ಷಣಕ್ಷಣಕ್ಕೂ ನಿರ್ಧರಿಸಲು ಹೋಗಬೇಡಿ ಟೀಚರ್, ಬಿಸಿಯೂಟದ ಹೊತ್ತಿಗೇ ಸುಸ್ತಾಗಿಬಿಡುತ್ತೀರಿ. ನೀರು ಕುಡಿಯಲು ಯಾವಾಗ ಹೋಗಬೇಕು, ಬೇಗ ಬರೆದು ಮುಗಿಸಿದವರು ಏನು ಮಾಡಬೇಕು, ಇಂಥವನ್ನೆಲ್ಲ ಜೂನ್‌ನಲ್ಲೇ ರೂಢಿ ಮಾಡಿಸಿ. ಒಂದರಿಂದ ಮೂರನೇ ತರಗತಿವರೆಗಿನ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳನ್ನು ಗುಂಪು ಮಾಡಿ ಕೂರಿಸುವ ‘ತಟ್ಟೆ’ಗಳ ಗುಟ್ಟೂ ಇದೇ: ಯಾವ ಗುಂಪು ಟೀಚರ್ ಹತ್ತಿರ, ಯಾವುದು ಗೆಳೆಯರ ಜತೆ, ಯಾವುದು ತಾನಾಗಿಯೇ ಕಲಿಯುವುದು ಎಂದು ಮೊದಲೇ ತೀರ್ಮಾನವಾಗಿರುತ್ತದೆ. ನಾಲ್ಕನೆಯವರಿಗೂ ಆ ಅಭ್ಯಾಸ ಇದ್ದೇ ಇದೆ, ಬಿಡಿಸಬೇಡಿ.

ಉಳಿಯುವ ಗಮನ ಒಂದೇ ಕಡೆ ಇರಲಿ: ಮಗುವಿಗೆ ತಿಳಿಯದ್ದು ಲೆಕ್ಕವೋ, ಕನ್ನಡವೋ? 34ರಿಂದ 18 ಕಳೆಯಲು ಹೇಳಿದಿರಿ ಎನ್ನಿ. 24 ಎಂದು ಬರೆದ ಹುಡುಗ ನಾಲ್ಕರಲ್ಲಿ ಎಂಟು ಹೋಗುವುದಿಲ್ಲವೆಂದು ಎಂಟರಲ್ಲೇ ನಾಲ್ಕು ಕಳೆದಿದ್ದಾನೆ. ಅವನ ಕೈಗೆ ಕಡ್ಡಿ ಕೊಟ್ಟು, ಹತ್ತರ ಒಂದು ಕಟ್ಟು ಬಿಚ್ಚಿಸಬೇಕು. ಸುಮ್ಮನೆ ಕೂತ ಹುಡುಗಿಯನ್ನು ತುಳುವಿನಲ್ಲಿ ಕೇಳಿ ನೋಡಿ. ‘ಪದಿನಾಜಿ’ (ಹದಿನಾರು) ಎಂದಳೋ, ಲೆಕ್ಕ ಬಂದ ಹಾಗೆಯೇ. ಅವಳನ್ನು ಕಡ್ಡಿ ಎಣಿಸಲು ಕೂರಿಸಿದರೆ ಸಮಯ ದಂಡ. ನಿಮಗೆ ಬ್ಯಾರಿ ಬಾರದಿದ್ದರೆ ಪಕ್ಕದ ಮಗುವಿನಿಂದ ಕೇಳಿಸಿ, ಅದರಲ್ಲಿ ಸಣ್ಣತನವೇನಿಲ್ಲ. ಐದಾರು ಸ್ಲೇಟುಗಳಲ್ಲಿ 24 ಕಂಡರೆ ಆ ತರಗತಿಗೆ ಪೂರ್ತಿ ಮತ್ತೆ ಹೇಳಿ. ಒಂದೆರಡಾದರೆ ಅವರನ್ನಷ್ಟೇ ಹತ್ತಿರ ಕರೆಯಿರಿ.

ಪ್ರಶ್ನೆ ಕೇಳಿದ ಮೇಲೆ ಕಾಯಲೇಬೇಕು. ಶಿಕ್ಷಕರು ಉತ್ತರಕ್ಕಾಗಿ ಸಾಮಾನ್ಯವಾಗಿ ಹೆಚ್ಚೆಂದರೆ ಒಂದು ಸೆಕೆಂಡು ಕಾಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಪಾಠಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡರು. ಮೂರು ಸೆಕೆಂಡು ಕಾದಲ್ಲಿ ಉತ್ತರಗಳು ಉದ್ದವಾದವು, ಬಾಯಿಬಿಡದವರೂ ಮಾತಾಡಿದರು. ಮನೆಮಾತಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳಬೇಕಾದ ಮಗುವಿಗೆ ಮೂರೂ ಸಾಲದು ಎಂದೇ ನನ್ನ ಅನಿಸಿಕೆ.

ಜಗಳದ ವಿಷಯ ಸುಲಭ. ಒಬ್ಬರಿಗೆ ಹೇಳಿಕೊಡುವಾಗ ಗೋಡೆಗೆ ಬೆನ್ನು ಹಾಕಿ, ಎಲ್ಲರೂ ಕಾಣುವ ಹಾಗೆ ಕೂರಿ.

ಪಾಠಯೋಜನೆ ಬದಲಾದರೆ ಬದಲಾಗಲಿ. ‘ಆರು ಮಕ್ಕಳಿಗೆ ದಶಕ ಬಿಡಿಸಲು ಬಂದಿಲ್ಲ, ನಾಳೆ ಮತ್ತೆ ಕಡ್ಡಿ’ ಎಂದು ಅಂಚಿನಲ್ಲಿ ಒಂದು ಸಾಲು ಬರೆದಿಡಿ. ಸಿಆರ್‌ಪಿ (ಶಾಲೆಗಳಿಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ಪಾಠ ಯಾಕೆ ಹಿಂದೆ ಬಿತ್ತು ಎಂದು ಕೇಳಿದರೆ ಅದನ್ನೇ ತೋರಿಸಿ.