ಪ್ಲಂಬರ್ ಕೈಯಲ್ಲಿ ಸೀಸವಿಲ್ಲ, ಹೆಸರಲ್ಲಿದೆ

ಪ್ರಶ್ನೆ: ನಲ್ಲಿ, ಪೈಪಿನ ಕೆಲಸದವರಿಗೆ ಪ್ಲಂಬರ್ ಎಂಬ ಹೆಸರು ಹೇಗೆ ಬಂತು? ಇಂಗ್ಲಿಷರು ಅದನ್ನು 'ಪ್ಲಮರ್' ಅನ್ನುವುದೇಕೆ?

ಉತ್ತರ: ಈ ಪದದಲ್ಲಿ ನೀರಿಲ್ಲ, ಸೀಸವಿದೆ. ಲ್ಯಾಟಿನ್‌ನಲ್ಲಿ ಸೀಸಕ್ಕೆ 'ಪ್ಲಂಬಮ್' ಎನ್ನುತ್ತಾರೆ. ಸೀಸದ ರಾಸಾಯನಿಕ ಸಂಕೇತ 'ಪಿಬಿ' ಆದದ್ದೂ ಅದರಿಂದಲೇ. ರೋಮನ್ನರು ಸೀಸದ ಹಾಳೆಯನ್ನು ಸುರುಳಿ ಸುತ್ತಿ, ಅಂಚುಗಳನ್ನು ಬೆಸೆದು ನೀರಿನ ಕೊಳವೆ ಮಾಡುತ್ತಿದ್ದರು. ಆ ಕಸುಬಿನವನು 'ಪ್ಲಂಬಾರಿಯಸ್'. ಪದ ಫ್ರೆಂಚ್ ದಾರಿ ಹಿಡಿದು ಇಂಗ್ಲಿಷಿಗೆ ಬಂತು. ಆಗ ಚರ್ಚಿನ ಮಾಡಿಗೆ ಸೀಸದ ಹಾಳೆ ಹೊದಿಸುವವನೂ ಪ್ಲಂಬರನೇ. ಮಧ್ಯಯುಗದ ಇಂಗ್ಲಿಷ್ ಬರಹಗಳಲ್ಲಿ 'ಬಿ' ಇಲ್ಲದ ರೂಪಗಳಿವೆ; ಲ್ಯಾಟಿನ್ ನೋಡಿಕೊಂಡು ಆ ಅಕ್ಷರವನ್ನು ಮತ್ತೆ ಸೇರಿಸಿದರೂ ಆಡುಮಾತಿಗೆ ಅದು ಬರಲಿಲ್ಲ. ಬರೆದಂತೆ ಓದುವ ನಮ್ಮ ಬಾಯಲ್ಲಿ ಮಾತ್ರ ರೋಮನ್ನರ 'ಬ' ಗಟ್ಟಿಯಾಗಿದೆ!

ಸೀಸದ ಪೈಪ್ ಜೋಡಿಸುವುದು ನಿಜಕ್ಕೂ ಕೈಚಳಕದ ಕೆಲಸ. ಒಂದು ಪಾಲು ತವರಕ್ಕೆ ಎರಡು ಪಾಲು ಸೀಸ ಬೆರೆಸಿದ ಬೆಸುಗೆಯನ್ನು ಕರಗಿಸಿ ಕೀಲಿನ ಮೇಲೆ ಸುರಿದು, ಕೊಬ್ಬು ಸವರಿದ ದಪ್ಪ ಬಟ್ಟೆಯಿಂದ ತೀಡಿ ಗುಂಡಗೆ ಮಾಡುತ್ತಿದ್ದರು. ಈ ಮಿಶ್ರಣ ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಿಂದ 183 ಡಿಗ್ರಿಗೆ ಇಳಿಯುವವರೆಗೂ ಅಂಬಲಿಯಂತಿದ್ದು, ತೀಡಲು ಸಮಯ ಕೊಡುತ್ತದೆ. ಅದೇ 63 ಪಾಲು ತವರ, 37 ಪಾಲು ಸೀಸವಾದರೆ 183ರಲ್ಲಿ ನೀರಿನಂತಿದ್ದದ್ದು ಒಮ್ಮೆಗೇ ಗಟ್ಟಿಯಾಗುತ್ತದೆ. ಸರ್ಕ್ಯೂಟ್ ಬೋರ್ಡಿಗೆ ಒಳ್ಳೆಯದು, ಬಟ್ಟೆಗೆ ಸಿಗುವುದಿಲ್ಲ. ಪೈಪ್ ಬಿಸಿ ಮಾಡುವಾಗಲೂ ಎಚ್ಚರ ಬೇಕು: ಸೀಸ 327 ಡಿಗ್ರಿಗೇ ಕರಗುವುದರಿಂದ ಉರಿ ಸ್ವಲ್ಪ ಹೆಚ್ಚಾದರೂ ಕೀಲಿನ ಜೊತೆ ಪೈಪೂ ಇಳಿದುಹೋಗುತ್ತದೆ.

ಪ್ರಶ್ನೆ: ಗೋಡೆ 'ಪ್ಲಂಬ್' ಇದೆಯಾ ಎಂದು ನೋಡುವುದೂ ಇದೇ ಪದವೇ?

ಉತ್ತರ: ಅದೇ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟುತ್ತಿದ್ದ ಗುಂಡು ಸೀಸದ್ದು. ಈಗ ಉಕ್ಕು ಅಥವಾ ಹಿತ್ತಾಳೆಯದಾದರೂ ಹೆಸರು ಬದಲಾಗಿಲ್ಲ. ತೂಗುಗುಂಡಿನ ಜೊತೆ ಬರುವ ಕಟ್ಟೆಯ (ದಾರ ಹಾಯುವ ಚಿಕ್ಕ ತುಂಡು) ಅಗಲ ಗುಂಡಿನ ವ್ಯಾಸದಷ್ಟೇ ಇರಬೇಕು, ದಾರ ಕಟ್ಟೆಯ ನಡುವಿನಲ್ಲಿ ಹಾಯಬೇಕು. ಕಟ್ಟೆಯನ್ನು ಗೋಡೆಯ ಮೇಲ್ಭಾಗಕ್ಕೆ ಒತ್ತಿ ಹಿಡಿದು ಗುಂಡನ್ನು ಕೆಳಕ್ಕೆ ಬಿಡಿ. ಗುಂಡು ಗೋಡೆಯನ್ನು ಸೋಕಿಯೂ ಸೋಕದಂತೆ ನಿಂತರೆ ಗೋಡೆ ನೆಟ್ಟಗಿದೆ. ನಡುವೆ ಸಂದು ಕಂಡರೆ ಮೇಲ್ಭಾಗ ನಿಮ್ಮ ಕಡೆ ವಾಲಿದೆ. ಗುಂಡು ಗೋಡೆಗೆ ಒರಗಿ ದಾರ ಓರೆಯಾದರೆ ಕೆಳಭಾಗ ಮುಂದೆ ಬಂದಿದೆ. ತಪ್ಪಾಗುವುದು ಸಾಮಾನ್ಯವಾಗಿ ಎರಡು ಕಡೆ: ಕಟ್ಟೆಯ ಕೆಳಗೆ ಗಾರೆಯ ಹರಳು ಸಿಕ್ಕಿರುತ್ತದೆ, ಇಲ್ಲವೇ ಗುಂಡಿನ ತೂಗಾಟ ನಿಲ್ಲುವ ಮೊದಲೇ ಅಳೆದಿರುತ್ತಾರೆ. ಗಾಳಿಗೆ ಗುಂಡು ನಿಲ್ಲದಿದ್ದರೆ ಅದನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಅಳತೆಯನ್ನು ದಾರಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ಹಳೆಯ ಕಟ್ಟಡದ ಪೈಪ್ ಸೀಸದ್ದೇ ಎಂದು ತಿಳಿಯುವುದು ಹೇಗೆ? ನೀರು ಕುದಿಸಿ ಕುಡಿದರೆ ಸಾಕೇ?

ಉತ್ತರ: ಮಂಕು ಬೂದು ಪೈಪನ್ನು ನಾಣ್ಯದಿಂದ ಮೆಲ್ಲಗೆ ಕೆರೆಯಿರಿ. ಸುಲಭವಾಗಿ ಗೀರು ಬಿದ್ದು ಬೆಳ್ಳಿಯಂತೆ ಹೊಳೆದರೆ, ಅಯಸ್ಕಾಂತವೂ ಅಂಟದಿದ್ದರೆ, ಅದು ಸೀಸವೇ ಇರಬೇಕು. ಕಲಾಯಿ ಕಬ್ಬಿಣಕ್ಕಾದರೆ ಅಯಸ್ಕಾಂತ ಅಂಟುತ್ತದೆ. ಕುದಿಸಿದರೆ ಸೀಸ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನೂ ನಲ್ಲಿಯ ಬಿಸಿನೀರನ್ನೂ ಅಡುಗೆಗೆ ಬಳಸಬೇಡಿ. ಪೈಪ್ ಬದಲಿಸುವುದೇ ಸರಿ. ಅಮೆರಿಕದಲ್ಲಿ 1986ರಲ್ಲೇ ಹೊಸ ಕುಡಿಯುವ ನೀರಿನ ಕೆಲಸಕ್ಕೆ ಸೀಸದ ಪೈಪನ್ನೂ ಸೀಸದ ಬೆಸುಗೆಯನ್ನೂ ನಿಷೇಧಿಸಿದರು.

ಪ್ರಶ್ನೆ: ಪೆನ್ಸಿಲಿನ ಕಡ್ಡಿಗೂ 'ಲೆಡ್', ಅಂದರೆ ಸೀಸ, ಅನ್ನುತ್ತಾರಲ್ಲ, ಅದೂ ಸೀಸವೇ?

ಉತ್ತರ: ಅದು ಗ್ರಾಫೈಟ್ ಮತ್ತು ಜೇಡಿಮಣ್ಣು. ಗ್ರಾಫೈಟನ್ನು ಹಿಂದೆ ಸೀಸದ ಬಗೆಯೆಂದೇ ತಿಳಿದು 'ಪ್ಲಂಬೇಗೊ' ಎಂದರು; ಅದು ಇಂಗಾಲವೆಂದು 1779ರಲ್ಲಿ ರಸಾಯನವಿಜ್ಞಾನಿ ಷೀಲೆ ತೋರಿಸಿದ. ಪೆನ್ಸಿಲ್ ಮೊನೆ ಚುಚ್ಚಿಕೊಂಡರೆ ಸೀಸದ ವಿಷ ಏರುವುದಿಲ್ಲ, ಗಾಯ ತೊಳೆದುಕೊಳ್ಳಿ.