ಗಳಿಸುವ ಊರಿಗೋ, ಹಿಂದುಳಿದ ಊರಿಗೋ?

ಶಿರಸಿಯ ಓದುಗರೊಬ್ಬರ ಪತ್ರದ ಸಾರ: ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ನಾಲ್ಕು ಮನೆಗಳ ಮಜರೆಗೆ ರಸ್ತೆ, ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಎಂದು ಹಣ ಸುರಿಯುವ ಬದಲು ಅದನ್ನು ಶಿರಸಿಯ ಪೇಟೆಗೂ ಕಾರವಾರದ ಬಂದರಿಗೂ ಹಾಕಿದರೆ ಇಡೀ ಜಿಲ್ಲೆಗೆ ಲಾಭ, ಯುರೋಪಿನವರೂ ಸಮಾನತೆಯ ಮಾತು ಬಿಟ್ಟು ಸ್ಪರ್ಧಾಸಾಮರ್ಥ್ಯದ ದಾರಿ ಹಿಡಿದಿದ್ದಾರೆ.

ಮಾನ್ಯರೇ,

ತಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಸಾರ್ವಜನಿಕ ಹಣ ಎಲ್ಲಿ ಫಲ ಕೊಡುತ್ತದೆ ಎಂದು ಕೇಳುವುದು ತಪ್ಪಲ್ಲ. ಅದನ್ನು ಕೇಳದೆ ಎಲ್ಲರಿಗೂ ಚೂರುಚೂರು ಹಂಚಿದ್ದರಿಂದಲೇ ಎಷ್ಟೋ ಕಾಮಗಾರಿಗಳು ಅರ್ಧಕ್ಕೆ ನಿಂತಿವೆ. ಆದರೆ ತಮ್ಮ ತೀರ್ಮಾನವನ್ನು ನಾನು ಒಪ್ಪಲಾರೆ.

ಯುರೋಪಿನ ಮಾತನ್ನು ಮೊದಲು ಮುಗಿಸುತ್ತೇನೆ. ಐರೋಪ್ಯ ಒಕ್ಕೂಟವು 2007ರಿಂದ 2013ರ ಅವಧಿಯ ಪ್ರಾದೇಶಿಕ ನೀತಿಯಲ್ಲಿ ಸ್ಪರ್ಧಾಸಾಮರ್ಥ್ಯವನ್ನು ಒಂದು ಗುರಿಯಾಗಿ ಹೆಸರಿಸಿದ್ದು ನಿಜ. ಆದರೆ ನಿಧಿಯಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಮೀಸಲಾದದ್ದು ಹಿಂದುಳಿದ ಪ್ರದೇಶಗಳನ್ನು ಮೇಲೆತ್ತುವ ಗುರಿಗೆ, ಮುಖ್ಯವಾಗಿ ತಲಾ ಉತ್ಪನ್ನವು ಒಕ್ಕೂಟದ ಸರಾಸರಿಯ ಶೇ. 75ನ್ನೂ ಮುಟ್ಟದ ಪ್ರದೇಶಗಳಿಗೆ. ಸ್ಪರ್ಧಾಸಾಮರ್ಥ್ಯ ಮತ್ತು ಉದ್ಯೋಗದ ಗುರಿಗೆ ಸಿಕ್ಕಿದ್ದು ಸುಮಾರು ಶೇ. 16.

ಇನ್ನು ತಮ್ಮದೇ ಊರಿಗೆ ಬರೋಣ. ಶಿರಸಿಯ ಪೇಟೆಗೆ ಇಂದಿರುವ ಶಕ್ತಿ ಎಲ್ಲಿಂದ ಬಂತು? 1923ರಲ್ಲಿ ಅಡಿಕೆ ಬೆಳೆಗಾರರು ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯನ್ನು ಕಟ್ಟಿಕೊಂಡರು. ಅರ್ಧ ಎಕರೆ ತೋಟದವನು ಒಬ್ಬನೇ ವ್ಯಾಪಾರಿಯ ಎದುರು ನಿಂತರೆ ಹೇಳಿದ ದರಕ್ಕೆ ಕೊಟ್ಟು ಬರಬೇಕಾಗುತ್ತದೆ. ಹತ್ತಾರು ಊರುಗಳ ಚಾಲಿ, ಕೆಂಪಡಿಕೆ ಎಂಬ ಎರಡೂ ಬಗೆಯ ಅಡಿಕೆ ಒಂದೇ ಅಂಗಳಕ್ಕೆ ಬಂದು ಬಿದ್ದಾಗ ಮಾತ್ರ ವ್ಯಾಪಾರಿಗಳು ತಮ್ಮತಮ್ಮಲ್ಲಿ ಪೈಪೋಟಿ ನಡೆಸುತ್ತಾರೆ. 2019ರಲ್ಲಿ, ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಕ (ಜಿಐ) ಪಡೆದ ಶಿರಸಿ ಅಡಿಕೆಯ ವ್ಯಾಪ್ತಿಯಲ್ಲೂ ಸಿದ್ದಾಪುರ, ಯಲ್ಲಾಪುರಗಳ ತೋಟಗಳು ಸೇರಿವೆ. ಸಣ್ಣವರನ್ನು ಜೊತೆಗೆ ಕರೆದುಕೊಂಡದ್ದರಿಂದ ಶಿರಸಿ ಸೊರಗಲಿಲ್ಲ, ಬೆಳೆಯಿತು. ಹಾಗಿರುವಾಗ ಸಮತೋಲನವನ್ನೂ ಸ್ಪರ್ಧೆಯನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವುದು ನನಗೆ ಸರಿಕಾಣುವುದಿಲ್ಲ.

ಜೋಯಿಡಾದ ವಿಷಯದಲ್ಲಿ ಇನ್ನೊಂದು ಲೆಕ್ಕವೂ ಬಾಕಿಯಿದೆ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ತಾಲೂಕು ಕೇಂದ್ರವಾಗಿದ್ದ ಸೂಪಾ ಊರೇ ನೀರಿನಡಿ ಹೋಯಿತು. ಮುಳುಗಡೆಯಾದವರಲ್ಲಿ ಅನೇಕರು ರಾಮನಗರದಲ್ಲಿ ಹೊಸದಾಗಿ ಬದುಕು ಕಟ್ಟಬೇಕಾಯಿತು. ಅಲ್ಲಿ ನಿಂತ ನೀರು ಇಂದು ನಾಗಝರಿ, ಕೊಡಸಳ್ಳಿ, ಕದ್ರಾಗಳ ವಿದ್ಯುದಾಗಾರಗಳನ್ನು ನಡೆಸುತ್ತಿದೆ, ಕೈಗಾದ ಅಣುಸ್ಥಾವರವೂ ಕದ್ರಾ ಜಲಾಶಯವನ್ನೇ ನೆಚ್ಚಿಕೊಂಡಿದೆ. ದೂರದ ನಗರಗಳ ಕಾರ್ಖಾನೆಗಳು ಸ್ಪರ್ಧೆಯಲ್ಲಿ ನಿಲ್ಲುವುದಕ್ಕೆ ಬೇಕಾದ ವಿದ್ಯುತ್ತನ್ನು ಕೊಟ್ಟ ತಾಲೂಕಿಗೆ ಸ್ಪರ್ಧಿಸುವ ಯೋಗ್ಯತೆಯಿಲ್ಲ ಎಂದು ನಾವು ಹೇಳಬಾರದು. ಈ ಮಾತು ಬರೆಯುವಾಗ ನನಗೆ ನೋವಾಗುತ್ತದೆ.

ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯನ್ನು ನಾನು ಮೆಚ್ಚುವುದು ಅದು ಜಿಲ್ಲೆಯ ಸರಾಸರಿಗೆ ತೃಪ್ತಿಪಡದೆ ಅಂದಿನ 175 ತಾಲೂಕುಗಳನ್ನು ಒಂದೊಂದಾಗಿ ಅಳೆದದ್ದಕ್ಕೆ. ಸರಾಸರಿ ತೆಗೆದರೆ ಕಾರವಾರ, ಶಿರಸಿಗಳ ಮರೆಯಲ್ಲಿ ಜೋಯಿಡಾ ಕಾಣುವುದೇ ಇಲ್ಲ. ಆದರೆ 114 ತಾಲೂಕುಗಳು ಒಂದಲ್ಲ ಒಂದು ಬಗೆಯಲ್ಲಿ ಹಿಂದುಳಿದವು ಎಂದಾದಾಗ ಹಣ ತೆಳುವಾಗುವ ಅಪಾಯವಿರುತ್ತದೆ. ತಮ್ಮ ಆಕ್ಷೇಪಕ್ಕೆ ಇಲ್ಲಿ ಬಲವಿದೆ.

ಆದ್ದರಿಂದ ನಾನು ಗೆರೆ ಎಳೆಯುವುದು ಬೇರೆ ಕಡೆ. ಶಾಲೆ, ಹೆರಿಗೆಯ ಸೌಕರ್ಯ, ಬಸ್ಸು ಇವುಗಳಿಗೆ ಲಾಭದ ಪರೀಕ್ಷೆ ಬೇಡ. ಮಾರುಕಟ್ಟೆ, ಶೀತಲಗೃಹ, ಸಂಸ್ಕರಣಾ ಘಟಕಗಳಿಗೆ ಆ ಪರೀಕ್ಷೆ ಇರಲಿ, ಕಟ್ಟುನಿಟ್ಟಾಗಿಯೇ ಇರಲಿ. ಅಲ್ಲಿ ಬಂದರಿನ ಮೀನುಗಾರರ ಜೊತೆಗೆ ಜೋಯಿಡಾದ ಗಡ್ಡೆಗೆಣಸು, ಮುರುಗಲು (ಕೋಕಂ) ಬೆಳೆಯುವವರೂ ತಮ್ಮ ಯೋಜನೆಯನ್ನು ಮುಂದಿಡಲಿ.

ತಾವು ಕೇಳಿದ ನಾಲ್ಕು ಮನೆಗಳ ಮಜರೆಗೆ ಅಂಗಳದವರೆಗೂ ಡಾಂಬರು ರಸ್ತೆ ಬೇಕೇ ಎಂಬುದನ್ನು ಅಲ್ಲಿನವರ ಜೊತೆ ಕುಳಿತು ಚರ್ಚಿಸಬಹುದು. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಮಕ್ಕಳು ದಾಟುವ ಕಾಲುಸಂಕದ ಬಗ್ಗೆ ಚರ್ಚೆ ಬೇಕಿಲ್ಲ. ಅದನ್ನು ಈ ಬೇಸಿಗೆಯೊಳಗೆ ಕಟ್ಟಬೇಕು.

— ಸಂಪಾದಕ